ಬೋರ್ಡ್ ಸತ್ತಿಲ್ಲ, ಮಾತು ಎಲ್ಲಿ ನಿಂತಿದೆ ಹುಡುಕಿ

ಎಂಜಿನಿಯರಿಂಗ್ ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರವಾದಂತೆ ನನ್ನ ಮೇಜಿಗೆ ಬರುವ ಬೋರ್ಡುಗಳು ಹೆಚ್ಚುತ್ತವೆ. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಟೈಪ್-ಸಿ ಸಾಕೆಟ್ಟಿನ ಮೂರು ಆರ್ಡುಯಿನೋ ನ್ಯಾನೋ, ಅಂದರೆ ಕಂಪ್ಯೂಟರಿನಲ್ಲಿ ಬರೆದ ಪ್ರೋಗ್ರಾಮನ್ನು ಹಾಕಿ ನಡೆಸುವ ಪುಟ್ಟ ಬೋರ್ಡುಗಳನ್ನು, ತಂದಿಟ್ಟಳು. “ಮೂರೂ ಹೋಗಿವೆ ಸರ್. ನಿನ್ನೆ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಮೂರನೇದನ್ನ ಹೊಸದಾಗಿ ತಂದೆ, ಅದಕ್ಕೂ ಅಪ್‌ಲೋಡ್ ಆಗ್ತಿಲ್ಲ.” ಮೂರರಲ್ಲೂ ಪವರ್ ದೀಪ ಉರಿಯುತ್ತಿತ್ತು. “ಕೇಬಲ್ ಯಾವುದಮ್ಮ?” ಎಂದೆ. ಪವರ್ ಬ್ಯಾಂಕಿನ ಜೊತೆ ಬಂದ ತೆಳ್ಳನೆಯ ಕೇಬಲ್ ತೋರಿಸಿದಳು.

ಸಾಮಾನ್ಯ ಯುಎಸ್‌ಬಿ ಕೇಬಲಿನಲ್ಲಿ ಕೆಂಪು, ಕಪ್ಪು ತಂತಿಗಳು ಕರೆಂಟಿಗೆ. ಹಸಿರು, ಬಿಳಿ ತಂತಿಗಳು ಡೇಟಾಗೆ. ಚಾರ್ಜಿಂಗಿಗೆಂದೇ ಮಾಡಿದ ಅಗ್ಗದ ಕೇಬಲುಗಳಲ್ಲಿ ಹಸಿರು, ಬಿಳಿ ಇರುವುದೇ ಇಲ್ಲ. ದೀಪ ಉರಿಯುತ್ತದೆ, ಆದರೆ ಬೋರ್ಡ್ ಬಂದು ಕೂತಿರುವುದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ನನ್ನ ಕೇಬಲ್ ಹಾಕಿದೆ. ಎರಡು ಬೋರ್ಡು ಆ ಕ್ಷಣವೇ ಕೆಲಸ ಮಾಡಿದವು. ಮೂರನೆಯದು, ಆ ಹೊಸದು, ಆಗಲೂ ಮಾಡಲಿಲ್ಲ.

ನನ್ನ ಬಳಿ ಬರುವಷ್ಟರಲ್ಲಿ ಅವಳು ಎರಡು ದಿನ ಡ್ರೈವರ್ (ಬೋರ್ಡನ್ನು ಕಂಪ್ಯೂಟರಿಗೆ ಗುರುತಿಸಿಕೊಡುವ ತಂತ್ರಾಂಶ) ತೆಗೆದು ಹಾಕಿ, ಪ್ರೋಗ್ರಾಮ್ ಬರೆದು ಕಳಿಸುವ ಐಡಿಇಯನ್ನು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿ, ವಿಂಡೋಸನ್ನೇ ಹೊಸದಾಗಿ ಹಾಕಿದ್ದಳು. ನನಗೆ ಬೇಸರ ತರುವುದು ಇದೇ. ಕಂಪ್ಯೂಟರಿನಿಂದ ಚಿಪ್ಪಿನ ತನಕ ಮಾತು ಸಾಗುವ ದಾರಿಯಲ್ಲಿ ಮೂರು ನಾಲ್ಕು ನಿಲ್ದಾಣಗಳಿವೆ. ಮಾತು ಯಾವ ನಿಲ್ದಾಣದಲ್ಲಿ ನಿಂತಿದೆ ಎಂದು ಮೊದಲು ತಿಳಿಯಬೇಕು. ಅದು ತಿಳಿಯುವವರೆಗೂ ಯಾವುದನ್ನೂ ಬದಲಿಸಬಾರದು.

ಮೊದಲ ನಿಲ್ದಾಣ ಕಂಪ್ಯೂಟರಿನ ಪೋರ್ಟ್. ವಿಂಡೋಸ್ ಆದರೆ ಡಿವೈಸ್ ಮ್ಯಾನೇಜರ್ ತೆರೆದಿಟ್ಟು ಕೇಬಲ್ ಚುಚ್ಚಿ, ತೆಗೆಯಿರಿ. ಚುಚ್ಚಿದಾಗ ಹೊಸ ಕಾಮ್ (COM) ಪೋರ್ಟ್ ಕಾಣಿಸಿ, ತೆಗೆದಾಗ ಮಾಯವಾದರೆ ನಿಮ್ಮ ಬೋರ್ಡ್ ಅದೇ. ಹಳದಿ ಗುರುತಿನೊಂದಿಗೆ ಬಂದರೆ ಡ್ರೈವರ್ ಬೇಕು. ನಮ್ಮಲ್ಲಿ ಸಿಗುವ ಅಗ್ಗದ ನ್ಯಾನೋಗಳಲ್ಲಿ ಯುಎಸ್‌ಬಿಯ ಮಾತನ್ನು ಮುಖ್ಯ ಚಿಪ್ಪಿಗೆ ತಿಳಿಯುವ ಸೀರಿಯಲ್ ಮಾತಾಗಿ ಬದಲಿಸಲು ಸಾಮಾನ್ಯವಾಗಿ ಸಿಎಚ್340 ಚಿಪ್ ಇರುವುದರಿಂದ ಅದರ ಡ್ರೈವರ್. ಏನೂ ಅಲುಗಾಡದಿದ್ದರೆ ಡ್ರೈವರ್ ಹುಡುಕಿ ಫಲವಿಲ್ಲ, ಕೇಬಲ್ ಬದಲಿಸಿ. ಇನ್ನೊಂದು ವಿಷಯ: ಟೈಪ್-ಸಿ ಇರುವ ಕೆಲವು ಅಗ್ಗದ ಬೋರ್ಡುಗಳಲ್ಲಿ ಕರೆಂಟ್ ಬೇಕೆಂದು ಕಂಪ್ಯೂಟರಿಗೆ ತಿಳಿಸುವ 5.1 ಕಿಲೋ ಓಮಿನ ಎರಡು ರೆಸಿಸ್ಟರುಗಳನ್ನು ಹಾಕಿರುವುದಿಲ್ಲ. ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಹಾಕಿದರೆ ಅವಕ್ಕೆ ಕರೆಂಟೇ ಬರುವುದಿಲ್ಲ. ಹಳೆಯ ಚಪ್ಪಟೆ ಯುಎಸ್‌ಬಿ ತುದಿಯ ಕೇಬಲಿನಲ್ಲಿ ಅವು ಸರಿಯಾಗಿ ನಡೆಯುತ್ತವೆ.

ಲಿನಕ್ಸ್ ಬಳಸುವವರು ತಮ್ಮ ಹೆಸರು ಪೋರ್ಟ್ ಬಳಸಲು ಅನುಮತಿ ಕೊಡುವ ಡಯಲ್‌ಔಟ್ ಗುಂಪಿನಲ್ಲಿದೆಯೇ ನೋಡಿಕೊಳ್ಳಿ. ಉಬುಂಟು 22.04ರಲ್ಲಿ ಬ್ರೈಲ್ ಸಾಧನಗಳಿಗೆಂದು ಇರುವ ಒಂದು ಸೇವೆ ಸಿಎಚ್340 ಅನ್ನು ತನ್ನದೆಂದು ತಿಳಿದು ಹಿಡಿದುಕೊಳ್ಳುತ್ತದೆ. ಪೋರ್ಟ್ ಒಂದು ಕ್ಷಣ ಕಾಣಿಸಿ ಮರೆಯಾಗುತ್ತಿದ್ದರೆ ಅದನ್ನು ಅನುಮಾನಿಸಿ.

ಪೋರ್ಟ್ ಕಾಣುತ್ತಿದೆ, ಆದರೂ ‘ನಾಟ್ ಇನ್ ಸಿಂಕ್’ ಎಂಬ ಸಂದೇಶ ಹತ್ತು ಸಲ ಬರುತ್ತಿದೆ. ಮೂರನೆಯ ಬೋರ್ಡಿನ ಸ್ಥಿತಿ ಇದೇ ಆಗಿತ್ತು. ಇಲ್ಲಿ ನಾನು ದಾರಿಯನ್ನು ಎರಡು ಭಾಗ ಮಾಡುತ್ತೇನೆ. ಒಂದು ಜಂಪರ್ ವೈರಿನಿಂದ ರೀಸೆಟ್ ಪಿನ್ನನ್ನು ಗ್ರೌಂಡಿಗೆ ಸೇರಿಸಿ. ಈಗ ಮುಖ್ಯ ಚಿಪ್ ಎಟಿಮೆಗಾ328ಪಿ ಸುಮ್ಮನಿರುತ್ತದೆ. ಇನ್ನೊಂದರಿಂದ ಮಾತು ಕೇಳುವ ಆರ್‌ಎಕ್ಸ್, ಮಾತು ಕಳಿಸುವ ಟಿಎಕ್ಸ್ ಪಿನ್ನುಗಳನ್ನು ಒಂದಕ್ಕೊಂದು ಸೇರಿಸಿ. ಐಡಿಇಯಲ್ಲಿರುವ ಸೀರಿಯಲ್ ಮಾನಿಟರ್ ಕಿಟಕಿ ತೆರೆದು ಏನಾದರೂ ಟೈಪ್ ಮಾಡಿ ಕಳಿಸಿ. ಕಳಿಸಿದ ಅಕ್ಷರಗಳೇ ಹಿಂತಿರುಗಿ ಬಂದರೆ ಕಂಪ್ಯೂಟರ್, ಡ್ರೈವರ್, ಕೇಬಲ್, ಸಿಎಚ್340 ನಾಲ್ಕೂ ಸರಿ. ಎರಡನೆಯ ವೈರ್ ತೆಗೆದು ಮತ್ತೆ ಕಳಿಸಿ, ಆಗ ಬರಬಾರದು. ವೈರ್ ಇದ್ದೂ ಬರದಿದ್ದರೆ ತೊಂದರೆ ಈ ಕಡೆಯ ಅರ್ಧದಲ್ಲೇ ಇದೆ. ಐದು ನಿಮಿಷದ ಈ ಪರೀಕ್ಷೆಯನ್ನು ಪ್ರತಿ ಕಾಲೇಜಿನ ಲ್ಯಾಬಿನಲ್ಲೂ ಮೊದಲ ವಾರವೇ ಕಲಿಸಬೇಕೆಂದು ನನ್ನ ಆಸೆ.

ಅವಳ ಬೋರ್ಡಿನಲ್ಲಿ ಅಕ್ಷರಗಳು ಹಿಂತಿರುಗಿ ಬಂದವು. ಅಂದರೆ ದೋಷ ಆಚೆಯ ಅರ್ಧದಲ್ಲಿ. ಅಪ್‌ಲೋಡ್ ಶುರುವಾದಾಗ ಕಂಪ್ಯೂಟರ್ ಪೋರ್ಟ್ ತೆರೆಯುತ್ತದೆ, ಅದರ ಡಿಟಿಆರ್ ಎಂಬ ಸಂಕೇತದ ಗೆರೆ ಒಂದು ಪುಟ್ಟ ಕೆಪಾಸಿಟರಿನ ಮೂಲಕ ಚಿಪ್ಪನ್ನು ಕ್ಷಣಕಾಲ ರೀಸೆಟ್ ಮಾಡುತ್ತದೆ. ಆಗ ಎದ್ದೇಳುವ ಬೂಟ್‌ಲೋಡರ್, ಅಂದರೆ ಹೊಸ ಪ್ರೋಗ್ರಾಮನ್ನು ಪಡೆದು ಚಿಪ್ಪಿಗೆ ಬರೆಯುವ ಪುಟ್ಟ ಕೋಡ್, ಸ್ವಲ್ಪ ಹೊತ್ತು ಮಾತ್ರ ಕಿವಿಗೊಟ್ಟು, ಯಾರೂ ಮಾತಾಡಿಸದಿದ್ದರೆ ಹಳೆಯ ಪ್ರೋಗ್ರಾಮನ್ನು ನಡೆಸಲು ಹೋಗಿಬಿಡುತ್ತದೆ. 2018ರಿಂದ ನ್ಯಾನೋಗಳಿಗೆ ಸೆಕೆಂಡಿಗೆ 115200 ಬಿಟ್ ವೇಗದ ಹೊಸ ಬೂಟ್‌ಲೋಡರ್ ಬಂದಿದೆ. ಎಷ್ಟೋ ಅಗ್ಗದ ಬೋರ್ಡುಗಳಲ್ಲಿ ಇಂದಿಗೂ 57600ರ ಹಳೆಯದೇ ಇದೆ. ಇಬ್ಬರೂ ಮಾತಾಡುತ್ತಾರೆ, ವೇಗ ಮಾತ್ರ ಹೊಂದುವುದಿಲ್ಲ. ಮೆನುವಿನ ಪ್ರೊಸೆಸರ್ ಪಟ್ಟಿಯಲ್ಲಿ ‘ಓಲ್ಡ್ ಬೂಟ್‌ಲೋಡರ್’ ಆರಿಸಿದೆ. ಅಪ್‌ಲೋಡ್ ಆಯಿತು. ಆ ಹುಡುಗಿ ಒಂದು ಕ್ಷಣ ಮಾತೇ ಆಡಲಿಲ್ಲ.

ಅದೂ ಫಲಿಸದಿದ್ದರೆ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದು, ‘ಅಪ್‌ಲೋಡಿಂಗ್’ ಎಂದು ಕಾಣಿಸಿದ ಕೂಡಲೇ ಬಿಡಿ. ಹಾಗೆ ಮಾಡಿದಾಗ ಅಪ್‌ಲೋಡ್ ಆದರೆ ರೀಸೆಟ್ಟಿನ ದಾರಿಯಲ್ಲಿ ದೋಷವಿದೆ. ಇಎಸ್‌ಪಿ32 ಎಂಬ ವೈಫೈ ಬೋರ್ಡಿನಲ್ಲಿ ‘ಕನೆಕ್ಟಿಂಗ್’ ಎಂದು ಚುಕ್ಕಿಗಳು ಸಾಲಾಗಿ ಬರುತ್ತಿದ್ದರೆ ಅಲ್ಲಿ ಒತ್ತಿ ಹಿಡಿಯಬೇಕಾದದ್ದು ಬೂಟ್ ಗುಂಡಿಯನ್ನು.

ಅಪ್‌ಲೋಡ್ ಆಗಿ ಸೀರಿಯಲ್ ಮಾನಿಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬಂದರೆ ಗಾಬರಿ ಬೇಡ, ಅದು ಒಳ್ಳೆಯ ಸುದ್ದಿ; ದಾರಿ ತೆರೆದಿದೆ, ಬಾಡ್ ರೇಟ್, ಅಂದರೆ ಮಾತಿನ ವೇಗ, ಮಾತ್ರ ತಪ್ಪಿದೆ. ಪ್ರೋಗ್ರಾಮಿನಲ್ಲೂ ಮಾನಿಟರಿನಲ್ಲೂ ಒಂದೇ ಸಂಖ್ಯೆ ಇದ್ದರೂ ಹೀಗಾದರೆ ಚಿಪ್ಪಿನ ಗಡಿಯಾರ ನೋಡಿ. 8 ಮೆಗಾಹರ್ಟ್ಸಿನ ಪ್ರೋ ಮಿನಿ ಬೋರ್ಡಿಗೆ 16 ಮೆಗಾಹರ್ಟ್ಸಿನದೆಂದು ಪ್ರೋಗ್ರಾಮ್ ಹಾಕಿದರೆ 9600 ಎಂದದ್ದು 4800 ಆಗುತ್ತದೆ, ಸೆಕೆಂಡಿಗೊಮ್ಮೆ ಮಿನುಗಬೇಕಾದ ದೀಪ ಎರಡು ಸೆಕೆಂಡಿಗೊಮ್ಮೆ ಮಿನುಗುತ್ತದೆ. ಇಎಸ್‌ಪಿ8266 ಎಂಬ ವೈಫೈ ಚಿಪ್ ಏಳುವಾಗ 74880ರಂಥ ವಿಚಿತ್ರ ವೇಗದಲ್ಲಿ ಮಾತಾಡುವುದಕ್ಕೂ ಕಾರಣ ಇದೇ: ಒಳಗಿನ ಕೋಡ್ 40 ಮೆಗಾಹರ್ಟ್ಸಿನ ಕ್ರಿಸ್ಟಲ್ ಎಂದುಕೊಂಡು 115200ಕ್ಕೆ ಹೊಂದಿಸುತ್ತದೆ, ಬೋರ್ಡಿನಲ್ಲಿರುವುದು 26ರದ್ದು.

ಮರುದಿನ ಅವಳದೇ ಫೋನ್. “ಸರ್, ನಿನ್ನೆ ಆದ ಬೋರ್ಡೇ ಇವತ್ತು ಮತ್ತೆ ಸಿಂಕ್ ಇಲ್ಲ ಅಂತಿದೆ.” ರಾತ್ರಿ ಏನು ಹೊಸದಾಗಿ ಜೋಡಿಸಿದೆ ಎಂದು ಕೇಳಿದೆ. ಎಚ್‌ಸಿ-05 ಬ್ಲೂಟೂತ್ ಮಾಡ್ಯೂಲನ್ನು 0 ಮತ್ತು 1ನೇ ಪಿನ್ನುಗಳಿಗೆ, ಅಂದರೆ ಅದೇ ಆರ್‌ಎಕ್ಸ್, ಟಿಎಕ್ಸ್ ಪಿನ್ನುಗಳಿಗೆ, ಕೊಟ್ಟಿದ್ದಳು. ಸಿಎಚ್340 ಮಾತಾಡುವುದೂ ಅದೇ ಗೆರೆಗಳಲ್ಲಿ, ಅದೂ 1 ಕಿಲೋ ಓಮ್ ರೆಸಿಸ್ಟರಿನ ಹಿಂದೆ ನಿಂತು. ನೇರವಾಗಿ ಕೂತ ಬ್ಲೂಟೂತಿನ ಮುಂದೆ ಅದರ ದನಿ ಕೇಳುವುದಿಲ್ಲ. ಮಾಡ್ಯೂಲನ್ನು 10, 11ಕ್ಕೆ ಸರಿಸಿ, ಬೇರೆ ಪಿನ್ನುಗಳಲ್ಲೂ ಸೀರಿಯಲ್ ಮಾತು ನಡೆಸುವ ಸಾಫ್ಟ್‌ವೇರ್ ಸೀರಿಯಲ್ ಲೈಬ್ರರಿ ಬಳಸು ಎಂದೆ. ಹತ್ತು ನಿಮಿಷಕ್ಕೆ ಮೆಸೇಜ್ ಬಂತು: “ಆಯ್ತು ಸರ್. ಮೂರೂ ಬೋರ್ಡಿನ ಮೇಲೆ ಅದರದರ ಬೂಟ್‌ಲೋಡರ್ ಯಾವುದು ಅಂತ ಚೀಟಿ ಅಂಟಿಸಿದ್ದೀನಿ.”