ಗುಡ್ಡದ ಮರೆಯಲ್ಲಿ ಖಾಲಿ ಚಾನೆಲ್ ಹುಡುಕುವುದು

ಆಗುಂಬೆ, ಹೊಸನಗರದ ಕಡೆ ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಮೊಬೈಲ್ ಟವರ್ ಕೆಲವು ಗಂಟೆ ಬ್ಯಾಟರಿ ಮೇಲೆ ಓಡುತ್ತದೆ. ಆಮೇಲೆ ಡೀಸೆಲ್ ಬೇಕು. ಗುಡ್ಡ ಕುಸಿದು ರಸ್ತೆ ಮುಚ್ಚಿದ್ದರೆ ಅದೂ ಬರುವುದಿಲ್ಲ. ಉಳಿಯುವುದು ವೈರ್‌ಲೆಸ್ ಸೆಟ್. ಎಲ್ಲರೂ ಒಂದೇ ಚಾನೆಲ್‌ನಲ್ಲಿ ಕೂಗುತ್ತಿರುತ್ತಾರೆ, ಪಕ್ಕದ ತರಂಗಗಳು ಸುಮ್ನೆ ಖಾಲಿ ಬಿದ್ದಿರುತ್ತವೆ.

ಈ ಖಾಲಿ ಜಾಗವನ್ನು ತಾನೇ ಹುಡುಕಿ ಬಳಸುವುದು ಕಾಗ್ನಿಟಿವ್ ರೇಡಿಯೋ. 1999ರಲ್ಲಿ ಅಮೆರಿಕದ ಎಂಜಿನಿಯರ್ ಜೋಸೆಫ್ ಮಿಟೋಲಾ ಈ ಯೋಚನೆ ಮುಂದಿಟ್ಟರು. ರೇಡಿಯೋ ಮೊದಲು ಕಿವಿಗೊಡುತ್ತದೆ. ಯಾರೂ ಇಲ್ಲದಿದ್ದರೆ ಮಾತಾಡುತ್ತದೆ. ಚಾನೆಲ್‌ನ ಹಕ್ಕುದಾರರು ಬಂದರೆ ಜಾಗ ಬಿಡುತ್ತದೆ. ಟಿವಿ ಚಾನೆಲ್‌ಗಳ ನಡುವಿನ ಖಾಲಿ ಜಾಗಕ್ಕಾಗಿ 2011ರಲ್ಲಿ ಐಇಇಇ ಎಂಬ ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಸಂಸ್ಥೆ ತಂದ 802.22 ಮಾನದಂಡದಲ್ಲಿ ಹಕ್ಕುದಾರರನ್ನು 2 ಸೆಕೆಂಡಿನೊಳಗೆ ಪತ್ತೆ ಮಾಡಬೇಕು. ಮಲೆನಾಡಿಗೆ ಈ ಟಿವಿ ತರಂಗಗಳು ಚೆನ್ನಾಗಿ ಹೊಂದುತ್ತವೆ. 470ರಿಂದ 590 ಮೆಗಾಹರ್ಟ್ಸ್ ಸಿಗ್ನಲ್ ಒದ್ದೆ ಕಾಡನ್ನು ವೈಫೈಗಿಂತ ಚೆನ್ನಾಗಿ ದಾಟುತ್ತದೆ, ಗುಡ್ಡದ ಅಂಚಿನಲ್ಲಿ ಸ್ವಲ್ಪ ಬಾಗಿಯೂ ಹೋಗುತ್ತದೆ.

ಆದರೆ ಇಲ್ಲಿ ಕಷ್ಟ ಬೇರೆಯೇ ಇದೆ. ಕಣಿವೆಯಲ್ಲಿ ಕೂತ ರೇಡಿಯೋಗೆ ಗುಡ್ಡದಾಚೆಯ ಸಿಗ್ನಲ್ ಕೇಳಿಸುವುದಿಲ್ಲ. ಕೇಳಿಸಲಿಲ್ಲ ಅಂದ ಮಾತ್ರಕ್ಕೆ ಖಾಲಿ ಇದೆ ಅಂತಲ್ಲ, ಅಲ್ವಾ? ಅದು ಮಾತಾಡಲು ಶುರು ಮಾಡಿದರೆ, ಎರಡನ್ನೂ ಕೇಳುವ ಎತ್ತರದ ಜಾಗದಲ್ಲಿರುವ ಸೆಟ್‌ಗೆ ಎರಡೂ ಗಲಿಬಿಲಿ. ಆ ಎತ್ತರದ ಸೆಟ್ ರಕ್ಷಣಾ ತಂಡದ್ದೇ ಆಗಿದ್ದರೆ?

ಹಾಗಾಗಿ ಒಂದೇ ರೇಡಿಯೋದ ಕಿವಿಯನ್ನು ನಾನು ನಂಬುವುದಿಲ್ಲ. ಬೇರೆ ಬೇರೆ ಕಡೆ ಇಟ್ಟ ಹಲವು ರೇಡಿಯೋಗಳು ಕೇಳಿದ್ದನ್ನು ಹಂಚಿಕೊಳ್ಳಬೇಕು. ಎಲ್ಲವನ್ನೂ ಒಂದೇ ಕಣಿವೆಯಲ್ಲಿಟ್ಟರೆ ಪ್ರಯೋಜನವಿಲ್ಲ, ಎಲ್ಲಕ್ಕೂ ಅದೇ ಗುಡ್ಡ ಅಡ್ಡ. ಒಂದಕ್ಕೆ ಕೇಳಿಸಿದರೂ ಎಲ್ಲವೂ ಚಾನೆಲ್ ಬಿಡಬೇಕು. ಬರೀ ಗದ್ದಲವನ್ನೇ ಸಿಗ್ನಲ್ ಅಂದುಕೊಂಡು ಒಳ್ಳೆಯ ಚಾನೆಲ್ ಕೈಬಿಡುವುದೂ ಆಗ ಜಾಸ್ತಿಯಾಗುತ್ತದೆ. ವಿಪತ್ತಿನ ಹೊತ್ತಿನಲ್ಲಿ ಆ ನಷ್ಟವನ್ನು ನಾನು ಒಪ್ಪುತ್ತೇನೆ.

ಇನ್ನೊಂದು ದಾರಿ, ಯಾವ ಊರಲ್ಲಿ ಯಾವ ಚಾನೆಲ್ ಯಾರದು ಎಂಬ ಡೇಟಾಬೇಸ್. ಅದನ್ನು ಇಂಟರ್ನೆಟ್ ಮೂಲಕ ಕೇಳಿ ತಿಳಿಯುವುದು ವಾಡಿಕೆ. ನೆಟ್ ಸತ್ತ ದಿನ ಏನು ಮಾಡುವುದು? ಮಳೆಗಾಲಕ್ಕೆ ಮೊದಲೇ ಪ್ರತಿ ಸೆಟ್‌ನೊಳಗೆ ಅದರ ಪ್ರತಿ ತುಂಬಿಸಿಡಬೇಕು. ತರಂಗ ಬಳಸುವ ಅನುಮತಿಯನ್ನೂ ಆಗಲೇ ಪಡೆದಿರಬೇಕು. ಗುಡ್ಡದ ಮೇಲಿನ ಸೆಟ್‌ಗೆ ಸೋಲಾರ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಜುಲೈನಲ್ಲಿ ಆಗುಂಬೆಗೆ ಬಿಸಿಲು ಅಪರೂಪ. ಸದಾ ಕಿವಿಗೊಡುವ ರೇಡಿಯೋ ಸುಮ್ಮನಿದ್ದಾಗಲೂ ಬ್ಯಾಟರಿ ತಿನ್ನುತ್ತದೆ, ಆ ಲೆಕ್ಕ ಹಾಕಿಯೇ ಬ್ಯಾಟರಿ ಆರಿಸಿ.