ಇಷ್ಟೊಂದು ಜಾಗೃತಿ ಅಭಿಯಾನ ನಡೆದರೂ ಜನ ಯಾಕೆ ಮೋಸ ಹೋಗುತ್ತಾರೆ?

ಓದುಗರ ಪ್ರಶ್ನೆ: ಆನ್‌ಲೈನ್ ಸುರಕ್ಷತೆ ಬಗ್ಗೆ ವರ್ಷವಿಡೀ ಪೋಸ್ಟರ್, ವಿಡಿಯೊ, ಮೆಸೇಜ್ ಬರುತ್ತಲೇ ಇರುತ್ತವೆ. ಆದರೂ ಓದಿ ತಿಳಿದವರೇ ಹಣ ಕಳೆದುಕೊಳ್ಳುತ್ತಿದ್ದಾರೆ. ಈ ಅಭಿಯಾನಗಳಿಂದ ಉಪಯೋಗ ಇದೆಯಾ, ಇಲ್ಲ ಸುಮ್ನೆ ಶಾಸ್ತ್ರಕ್ಕೆ ಮಾಡುವುದಾ?

ಉತ್ತರ: ಉಪಯೋಗ ಇದೆ, ಆದರೆ ಎಲ್ಲದರಿಂದಲೂ ಅಲ್ಲ. ಮೋಸ ಹೋಗುವ ಗಳಿಗೆ ಹೇಗಿರುತ್ತದೆ ಅಂತ ಅರಿತು ಮಾಡಿದ್ದು ಮಾತ್ರ ಕೆಲಸಕ್ಕೆ ಬರುತ್ತದೆ.

ಆ ಗಳಿಗೆಯನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಫೋನ್ ಬರುತ್ತದೆ. ಮೆತ್ತಗಿನ ದನಿ, ನಿಮ್ಮ ಹೆಸರನ್ನು ಸರಿಯಾಗಿ ಹೇಳುತ್ತದೆ. "ನಿಮ್ಮ ಅಕೌಂಟ್‌ನಿಂದ ಈಗ ದೊಡ್ಡ ಮೊತ್ತ ಹೋಗ್ತಾ ಇದೆ, ನೀವೇ ಕಳಿಸಿದ್ರಾ?" ಎದೆ ಧಸಕ್ಕೆನ್ನುತ್ತದೆ. "ಗಾಬರಿ ಆಗಬೇಡಿ, ನಾವು ತಡೀತೀವಿ. ಕ್ಯಾನ್ಸಲ್ ನಂಬರ್ ಬರುತ್ತೆ, ಓದಿ ಹೇಳಿ. ಎರಡೇ ನಿಮಿಷ ಟೈಮ್ ಇರೋದು." ಮೆಸೇಜ್ ಬರುತ್ತದೆ. ಆರು ಅಂಕಿ. 'ಯಾರಿಗೂ ಹೇಳಬೇಡಿ' ಅನ್ನುವ ಸಾಲು ಅದೇ ಮೆಸೇಜ್‌ನಲ್ಲಿದೆ. ಕಣ್ಣು ಮಾತ್ರ ಅಂಕಿಗಳ ಮೇಲೇ ನಿಂತಿದೆ.

ಒಟಿಪಿ ಹೇಳಬಾರದು ಅಂತ ಗೊತ್ತಿದ್ದವರೂ ಇಲ್ಲಿ ಎಡವುತ್ತಾರೆ. ಯಾಕೆಂದರೆ ಫೋನ್ ಮಾಡಿದವನು ಒಟಿಪಿ ಅನ್ನಲೇ ಇಲ್ಲವಲ್ಲ! ಪೋಸ್ಟರ್ ಕಲಿಸಿದ ಪದ ಒಂದು, ಕಳ್ಳ ಬಳಸಿದ ಪದ ಇನ್ನೊಂದು. ಜೊತೆಗೆ ಭಯ, ಅವಸರ. ಇದರಲ್ಲಿ ದಡ್ಡತನ ಏನೂ ಇಲ್ಲ.

ಹಾಗಾಗಿ ಒಳ್ಳೆಯ ಅಭಿಯಾನ ಮೊದಲು ಕಲಿಸುವುದು ತಡೆದು ನಿಲ್ಲುವುದನ್ನು. ಅಮೆರಿಕದಲ್ಲಿ 2010ರಲ್ಲಿ ಶುರುವಾದ ಅಭಿಯಾನದ ಹೆಸರೇ 'ಸ್ಟಾಪ್. ಥಿಂಕ್. ಕನೆಕ್ಟ್.' ಬ್ರಿಟನ್ನಿನ 'ಟೇಕ್ ಫೈವ್' ಹೇಳುವುದೂ ಅದನ್ನೇ: ಮೊದಲು ನಿಲ್ಲಿ, ಆಮೇಲೆ ಪ್ರಶ್ನಿಸಿ. ಕಳ್ಳ ಯಾವ ಪದ ಬಳಸಿದರೂ ಈ ಪಾಠ ನಡೆಯುತ್ತದೆ. ಫೋನ್ ಕಟ್ ಮಾಡಿ, ಕಾರ್ಡ್ ಹಿಂದೆ ಇರುವ ನಂಬರಿಗೆ ನೀವೇ ಫೋನ್ ಮಾಡಿ. ನಿಜವಾದ ಬ್ಯಾಂಕಿನವರಾದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಅಕ್ಟೋಬರ್ ತಿಂಗಳನ್ನು ಸೈಬರ್ ಭದ್ರತೆಗೆ ಮೀಸಲಿಡುವ ರೂಢಿ ಅಮೆರಿಕದಲ್ಲಿ 2004ರಲ್ಲಿ ಬಂತು, ಯುರೋಪಿನಲ್ಲಿ 2012ರಲ್ಲಿ. ಇಷ್ಟು ವರ್ಷಗಳಲ್ಲಿ ಹೇಳಿದ ಸಲಹೆಗಳೆಲ್ಲ ಸರಿಯಾಗೇನೂ ಇರಲಿಲ್ಲ. 'ಪಾಸ್‌ವರ್ಡ್ ಆಗಾಗ ಬದಲಿಸಿ, ಚಿಹ್ನೆ ಸೇರಿಸಿ' ಅಂತ ಎಷ್ಟು ಸಲ ಕೇಳಿದ್ದೇವೆ, ಅಲ್ವಾ? ಜನ ಏನು ಮಾಡಿದರು? ಹಳೆಯದರ ಕೊನೆಗೆ 1 ಸೇರಿಸಿದರು, ಮುಂದಿನ ಸಲ 2. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲಿ ಈ ನಿಯಮವನ್ನೇ ಕೈಬಿಟ್ಟಿತು. ಪಾಸ್‌ವರ್ಡ್ ಸೋರಿಕೆಯಾದ ಸುಳಿವು ಇದ್ದರೆ ಬದಲಿಸಿ, ಇಲ್ಲದಿದ್ದರೆ ಉದ್ದವಾದದ್ದನ್ನು ಇಟ್ಟುಕೊಳ್ಳಿ ಅನ್ನುವುದು ಈಗಿನ ಮಾತು. ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಪದ ಜೋಡಿಸಿ ಅನ್ನುತ್ತದೆ ಬ್ರಿಟನ್ನಿನ ಸೈಬರ್ ಭದ್ರತಾ ಕೇಂದ್ರ. ನೆನಪಿಡಲು ಸುಲಭ, ಊಹಿಸಲು ಕಷ್ಟ.

ಪಾಸ್‌ವರ್ಡ್ ಒಂದೇ ಸಾಲದು, ಜೊತೆಗೆ ಫೋನಿಗೆ ಬರುವ ಕೋಡ್‌ನಂಥ ಇನ್ನೊಂದು ಗುರುತನ್ನೂ ಕೇಳುವುದು ಎರಡು ಹಂತದ ಪರಿಶೀಲನೆ. ಅದನ್ನು ಎಲ್ಲಿಂದ ಶುರು ಮಾಡುವುದು ಅಂದರೆ, ಇಮೇಲ್‌ನಿಂದ. ಬೇರೆ ಅಕೌಂಟ್‌ಗಳ ಪಾಸ್‌ವರ್ಡ್ ಮರೆತರೆ ಹೊಸದು ಮಾಡಿಕೊಳ್ಳುವ ಲಿಂಕ್ ಜಾಸ್ತಿ ಬರುವುದು ಅಲ್ಲಿಗೇ. ಇಮೇಲ್ ಕಳ್ಳನ ಕೈಗೆ ಸಿಕ್ಕರೆ ಉಳಿದವೂ ಒಂದೊಂದಾಗಿ ಹೋಗುತ್ತವೆ.

ಒಂದು ವಿಷಯದಲ್ಲಿ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಎಷ್ಟೋ ಪೋಸ್ಟರ್‌ಗಳಲ್ಲಿ ಮೋಸ ಹೋದವರನ್ನು ಪೆದ್ದರ ಹಾಗೆ ತೋರಿಸುತ್ತಾರೆ. ಅದನ್ನು ನೋಡಿದವರು ನಾಳೆ ತಮಗೇ ಹೀಗಾದರೆ ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಆದರೆ ಹಣ ತಡೆಯುವ ಅವಕಾಶ ಇರುವುದೇ ಮೊದಲ ಕೆಲವು ಗಂಟೆಗಳಲ್ಲಿ. ಮನೆಯಲ್ಲಿ ಯಾರಾದರೂ ತಲೆ ತಗ್ಗಿಸಿಕೊಂಡು ಬಂದು "ಹೀಗಾಯ್ತು" ಅಂದರೆ, "ಅಷ್ಟೂ ಗೊತ್ತಾಗಲಿಲ್ವಾ?" ಅನ್ನಬೇಡಿ. "ಬಾ, ಈಗಲೇ ಬ್ಯಾಂಕಿಗೆ ಫೋನ್ ಮಾಡೋಣ" ಅನ್ನಿ.