ಬೆಂಗಳೂರಿನಲ್ಲಿ ಹತ್ತಿರದವರು ಯಾರೂ ಇಲ್ಲ, ಕೆಲಸಕ್ಕೆ ಯಾರನ್ನು ಕೇಳಲಿ?

ಪ್ರಶ್ನೆ: ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮುಗಿಸಿದ್ದೇನೆ. ಬೆಂಗಳೂರಿನ ಕಂಪನಿಗಳಲ್ಲಿ ನಮ್ಮವರೆನ್ನುವವರು ಯಾರೂ ಇಲ್ಲ. ಅಷ್ಟಾಗಿ ಪರಿಚಯವಿಲ್ಲದವರನ್ನು ಕೇಳಿದರೆ ವಶೀಲಿ ಮಾಡಿದಂತಾಗುವುದಿಲ್ಲವೇ?

ಉತ್ತರ: ಹತ್ತಿರದವರಿಲ್ಲ ಎಂಬುದು ನೀವು ಭಾವಿಸಿರುವಷ್ಟು ದೊಡ್ಡ ಕೊರತೆಯಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅವರು ಬಾಸ್ಟನ್ ಸಮೀಪದ ನ್ಯೂಟನ್‌ನಲ್ಲಿ, ಪರಿಚಯಸ್ಥರ ಮೂಲಕ ಕೆಲಸ ಪಡೆದವರನ್ನು ಮಾತನಾಡಿಸಿ 1973ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಪದೇ ಪದೇ ಭೇಟಿಯಾಗುವವರಿಂದ ನೆರವು ಪಡೆದವರು ಶೇ. 17ರಷ್ಟು ಮಾತ್ರ, ಉಳಿದವರಿಗೆ ನೆರವಾದವರು ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದ ಪರಿಚಿತರು. ಆಪ್ತ ಗೆಳೆಯರಿಗೆ ತಿಳಿದಿರುವ ಸುದ್ದಿ ಬಹುಪಾಲು ನಮಗೂ ತಿಳಿದಿರುತ್ತದೆ, ಹೊಸದು ಬರುವುದು ಬೇರೆ ವಲಯದಲ್ಲಿ ಓಡಾಡುವವರಿಂದಲೇ. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೂ ತೀರಾ ಆಪ್ತರಿಗಿಂತ ಅರೆಪರಿಚಿತರೇ ಹೆಚ್ಚು ಉಪಯುಕ್ತರೆಂದು ಕಂಡುಕೊಂಡಿತು. ನಿಮ್ಮ ಹಾಸ್ಟೆಲಿನ ಸೀನಿಯರ್‌ಗಳು, ಪ್ರಾಜೆಕ್ಟ್ ಗೈಡ್ ಅವರ ಹಳೆಯ ವಿದ್ಯಾರ್ಥಿಗಳು ಈ ಬಗೆಯವರು.

ಇನ್ನು ವಶೀಲಿಯ ಮಾತು. ವಶೀಲಿಯಲ್ಲಿ ಅರ್ಹತೆಯನ್ನು ಬದಿಗಿಟ್ಟು ಕೆಲಸ ಕೊಡಿಸಲಾಗುತ್ತದೆ. ರೆಫರಲ್‌ನಿಂದ, ಅಂದರೆ ಕಂಪನಿಯ ಉದ್ಯೋಗಿಯೊಬ್ಬರು ನಿಮ್ಮ ಹೆಸರು ಸೂಚಿಸುವುದರಿಂದ, ನಿಮ್ಮ ರೆಸ್ಯೂಮೆ ಎಚ್‌ಆರ್ (ನೇಮಕಾತಿ ನೋಡಿಕೊಳ್ಳುವ ವಿಭಾಗ) ಕಣ್ಣಿಗೆ ಬೀಳುತ್ತದೆಯೇ ಹೊರತು ಪರೀಕ್ಷೆ, ಸಂದರ್ಶನಗಳನ್ನು ನೀವೇ ಎದುರಿಸಬೇಕು. ಹೀಗೆ ಬಂದ ಅಭ್ಯರ್ಥಿ ಆಯ್ಕೆಯಾದರೆ ಹಲವು ಕಂಪನಿಗಳು ರೆಫರ್ ಮಾಡಿದ ಉದ್ಯೋಗಿಗೆ ಬೋನಸ್ ಕೊಡುವುದರಿಂದ, ಯೋಗ್ಯರು ಸಿಕ್ಕರೆ ಅವರಿಗೂ ಸಂತೋಷವೇ. ಹಾಗೆಂದು, ನಿಮ್ಮ ಕೆಲಸವೇನೆಂದು ಅರಿಯದೆ ಯಾರೂ ತಮ್ಮ ಹೆಸರನ್ನು ಪಣಕ್ಕಿಡುವುದಿಲ್ಲ, ಇಡಬೇಕೆಂದು ನಿರೀಕ್ಷಿಸುವುದು ನ್ಯಾಯವೂ ಅಲ್ಲ.

ಆದ್ದರಿಂದ ಮೊದಲ ಸಂದೇಶದಲ್ಲೇ ಕೆಲಸ ಕೇಳಬೇಡಿ. “ಸರ್, ಓಪನಿಂಗ್ ಇದ್ದರೆ ಹೇಳಿ” ಎಂದು ಬರೆದು ರೆಸ್ಯೂಮೆ ಲಗತ್ತಿಸಿದರೆ, ಓದಿದವರಿಗೆ “ನೋಡೋಣ” ಎನ್ನುವುದರ ಹೊರತು ಬೇರೆ ಉತ್ತರವಿರುವುದಿಲ್ಲ. ಅದರ ಬದಲು ಹೀಗೆ ಬರೆಯಬಹುದು: “ನಮಸ್ಕಾರ ಸರ್, ನಿಮ್ಮದೇ ಕಾಲೇಜಿನಲ್ಲಿ ಈ ವರ್ಷ ಎಲೆಕ್ಟ್ರಾನಿಕ್ಸ್ ಮುಗಿಸಿದ್ದೇನೆ. ನೀವು ಎಂಬೆಡೆಡ್ ವಿಭಾಗದಲ್ಲಿದ್ದೀರೆಂದು ನಮ್ಮ ಗೈಡ್ ತಿಳಿಸಿದರು. ಮೈಕ್ರೋಕಂಟ್ರೋಲರ್ ಬಳಸಿ ಪಂಪ್‌ಸೆಟ್ ನಿಯಂತ್ರಿಸುವ ಪ್ರಾಜೆಕ್ಟ್ ಮಾಡಿದ್ದೇನೆ. ಈ ಕ್ಷೇತ್ರದ ಸಂದರ್ಶನಕ್ಕೆ ಮೊದಲು ಇನ್ನೇನು ಕಲಿತಿರಬೇಕು? ಬಿಡುವಾದಾಗ ತಿಳಿಸಿದರೆ ಉಪಕಾರವಾಗುತ್ತದೆ.” ಇದಕ್ಕೆ ಎರಡೇ ನಿಮಿಷದಲ್ಲಿ ಉತ್ತರಿಸಬಹುದು.

ಬಹಳ ಮಂದಿ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಉತ್ತರಿಸಿದವರು ಹೇಳಿದ್ದನ್ನು ಕಲಿತು, ಒಂದೆರಡು ತಿಂಗಳ ಬಳಿಕ “ನೀವು ಹೇಳಿದಂತೆ ಇಷ್ಟು ಮಾಡಿದೆ, ಇಲ್ಲಿ ಸಿಕ್ಕಿಕೊಂಡಿದ್ದೇನೆ” ಎಂದು ಮತ್ತೆ ಬರೆಯಿರಿ. ರೆಫರ್ ಮಾಡಲು ಸಾಧ್ಯವೇ ಎಂದು ಕೇಳುವುದಕ್ಕೆ ಅದು ಸರಿಯಾದ ಸಮಯ. ಮೊದಲ ಸಂದೇಶಕ್ಕೇ ಉತ್ತರ ಬಾರದಿದ್ದರೆ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಬೇರೊಬ್ಬರಿಗೆ ಬರೆಯಿರಿ.